ಯಾವ ನೀರಿನ ದಡದಲ್ಲಿ ಮನೆ?

ಬೆಂಗಳೂರಿನಲ್ಲಿ ದುಡಿದು ನಾಲ್ಕು ಕಾಸು ಕೂಡಿಟ್ಟವರ ನಡುವೆ ಈಗೀಗ ಒಂದು ಮಾತು ಮತ್ತೆ ಮತ್ತೆ ಕೇಳಿಬರುತ್ತದೆ: ನೀರಿನ ಪಕ್ಕ ಒಂದಿಷ್ಟು ಜಾಗ ತಗೋಬೇಕು, ಪುಟ್ಟ ಮನೆ ಕಟ್ಟಬೇಕು, ಶನಿವಾರ ಭಾನುವಾರ ಹೋಗಿಬರಬೇಕು. 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳು ರದ್ದಾದ ಮೇಲೆ ಕೃಷಿಕರಲ್ಲದವರೂ ಹೊಲಗದ್ದೆ ಕೊಳ್ಳುವುದು ಸಲೀಸಾಯಿತು. ಇನ್ನು ಉಳಿದದ್ದು ಆಯ್ಕೆ. ಕಬಿನಿಯೋ, ಹೇಮಾವತಿಯೋ, ಹಾರಂಗಿಯೋ, ಶರಾವತಿ ಹಿನ್ನೀರೋ? ಇಲ್ಲವೇ ಹತ್ತಿರದ ಯಾವುದಾದರೂ ಊರಕೆರೆಯೋ? ದೂರ, ದರ, ರಸ್ತೆ, ಕಿಟಕಿಯಿಂದ ಕಾಣುವ ನೋಟ ಇವನ್ನೆಲ್ಲ ಮುಂದಿಟ್ಟುಕೊಂಡು ಜನ ಲೆಕ್ಕ ಹಾಕುತ್ತಾರೆ.

ಈ ಹಂಬಲವನ್ನು ಬರೀ ಶೋಕಿ ಎಂದು ತಳ್ಳಿಹಾಕಲು ನನಗೆ ಮನಸ್ಸು ಬಾರದು. ವಾರವಿಡೀ ಟ್ರಾಫಿಕ್ಕು, ಫೋನು, ಗಡುವುಗಳ ನಡುವೆ ಹೈರಾಣಾದ ಜೀವ ನೀರಿನೆದುರು ಕೂತ ಸ್ವಲ್ಪ ಹೊತ್ತಿನಲ್ಲೇ ಹಗುರಾಗುತ್ತದೆ. ನೀರು ನಮ್ಮನ್ನು ಏನೂ ಕೇಳುವುದಿಲ್ಲ, ನಮ್ಮ ಉತ್ತರಕ್ಕೆ ಕಾಯುವುದೂ ಇಲ್ಲ. ನದಿಗಳು ಕೂಡುವಲ್ಲಿ ಗುಡಿ ಕಟ್ಟಿದವರಿಗೂ ಕೆರೆ ಏರಿಯ ಮೇಲೆ ಅರಳಿಕಟ್ಟೆ ಕಟ್ಟಿಸಿದವರಿಗೂ ಇದು ಗೊತ್ತಿತ್ತು. ಅವರು ಆ ಜಾಗವನ್ನು ಊರಿಗೆಲ್ಲ ಬಿಟ್ಟುಕೊಟ್ಟರು. ನಾವು ಅದಕ್ಕೆ ಸರ್ವೆ ನಂಬರ್ ಹುಡುಕಿ, ಬೇಲಿ ಸುತ್ತಿ, ನಮ್ಮ ಹೆಸರಿಗೆ ಬರೆಸಿಕೊಳ್ಳಲು ಹೊರಟಿದ್ದೇವೆ. ನೀರು ಕೊಡುವ ನೆಮ್ಮದಿ ಹಾಗೆ ಒಬ್ಬರ ಹೆಸರಿಗೆ ಖಾತೆಯಾಗುತ್ತದೆಯೇ? ಯಾವ ಕೆರೆ ಎಂದು ಕೇಳುವ ಮೊದಲು ಕೇಳಿಕೊಳ್ಳಬೇಕಾದದ್ದು ಇದು.

ನಮ್ಮ ನಾಡಿನಲ್ಲಿ ಈ ಪ್ರಶ್ನೆ ಇನ್ನಷ್ಟು ತೀಕ್ಷ್ಣವಾಗುತ್ತದೆ. ಫಿನ್ಲೆಂಡ್, ಕೆನಡಾಗಳ ಸಾವಿರ ಸಾವಿರ ಸರೋವರಗಳನ್ನು ಹಿಮನದಿಗಳು ಕೊರೆದಿಟ್ಟು ಹೋದವು; ಅವನ್ನು ಯಾರೂ ಕಟ್ಟಲಿಲ್ಲ. ಕರ್ನಾಟಕದಲ್ಲಿ ಕಣ್ಣಿಗೆ ಬೀಳುವ ನಿಂತ ನೀರು ಬಹುಪಾಲು ಮನುಷ್ಯರು ಕಟ್ಟಿ ನಿಲ್ಲಿಸಿದ್ದು. ರಾಜ್ಯದಲ್ಲಿ 36 ಸಾವಿರಕ್ಕೂ ಹೆಚ್ಚು ಕೆರೆಗಳಿವೆ. ಒಂದೊಂದಕ್ಕೂ ಏರಿ, ತೂಬು, ಕೋಡಿ, ಕೆಳಗೊಂದು ಅಚ್ಚುಕಟ್ಟು. ಅವುಗಳ ಜೊತೆಗೆ ಕಳೆದ ನೂರಕ್ಕೂ ಹೆಚ್ಚು ವರ್ಷಗಳಲ್ಲಿ ಕಟ್ಟಿದ ದೊಡ್ಡ ಜಲಾಶಯಗಳು. ಕಟ್ಟಿದ ನೀರಿಗೆ ಕೆಲಸ ಇರುತ್ತದೆ. ಅದು ಗದ್ದೆಗೆ ಹೋಗಬೇಕು, ಟರ್ಬೈನಿಗೆ ಬೀಳಬೇಕು, ನಲ್ಲಿಯಲ್ಲಿ ಬರಬೇಕು. ಜಗಲಿಯ ಮುಂದೆ ಮಲಗಿರುವಂತೆ ಕಾಣುವ ನೀರು ಅಷ್ಟು ಹೊತ್ತಿಗಾಗಲೇ ಬೇರೆಯವರ ಪಾಲಿನದು.

ಶರಾವತಿಯ ಲಿಂಗನಮಕ್ಕಿ ಜಲಾಶಯವನ್ನೇ ನೋಡಿ. ಮಲೆನಾಡಿನ ಹಿನ್ನೀರುಗಳಲ್ಲಿ ಇಷ್ಟು ಸೊಗಸಿನದು ಇನ್ನೊಂದನ್ನು ನಾನು ಕಂಡಿಲ್ಲ. ಮಳೆ ಬಿಟ್ಟ ಮೇಲೆ ಗುಡ್ಡಗಳೆಲ್ಲ ದ್ವೀಪಗಳಾಗಿ, ನಡುನಡುವೆ ನೀರು ಕೈಚಾಚಿ ಕಾಡಿನೊಳಗೆ ನುಗ್ಗಿರುತ್ತದೆ. ಅಣೆಕಟ್ಟು ಮುಗಿದದ್ದು 1964ರಲ್ಲಿ; ತುಂಬಿದ ಮಟ್ಟ 1819 ಅಡಿ. ಅದಕ್ಕೂ ಮೊದಲು, 1948ರಲ್ಲಿ, ಮಡೆನೂರಿನಲ್ಲಿ ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟು ಈ ನೀರಿನ ಒಳಗೇ ಇದೆ. ಬೇಸಿಗೆಯಲ್ಲಿ ನೀರು ತೀರ ತಗ್ಗಿದಾಗ ಅದರ ಗೋಡೆ ಮೇಲೆ ಕಾಣುತ್ತದೆ. ಗೋಡೆಯ ಜೊತೆಗೆ ಮನೆಗಳ ಪಂಚಾಂಗ, ಬಾವಿಕಟ್ಟೆ, ಅಡಿಕೆ ತೋಟಗಳ ಗುರುತು ಕೂಡ ಅಲ್ಲಲ್ಲಿ ಮೇಲೆ ಬರುತ್ತವೆ. ನಾ. ಡಿಸೋಜರು ‘ದ್ವೀಪ’ ಕಾದಂಬರಿಯಲ್ಲಿ ಬರೆದದ್ದು ಹೀಗೆ ನೀರು ಏರುತ್ತಿರುವಾಗ ಮನೆ ಬಿಟ್ಟು ಹೋಗಲಾರದವರ ಕತೆ. 2002ರಲ್ಲಿ ಗಿರೀಶ ಕಾಸರವಳ್ಳಿ ಅದನ್ನು ಸಿನಿಮಾ ಮಾಡಿದರು. ಮುಳುಗಡೆಯಾದ ಊರುಗಳಿಂದ ಎದ್ದು ಹೋದ ಕುಟುಂಬಗಳ ಮಕ್ಕಳು, ಮೊಮ್ಮಕ್ಕಳು ಅರವತ್ತು ವರ್ಷ ದಾಟಿದ ಮೇಲೂ ಸಾಗುವಳಿ ಮಾಡುತ್ತಿರುವ ನೆಲದ ಹಕ್ಕುಪತ್ರಕ್ಕಾಗಿ ಶಿವಮೊಗ್ಗದ ಬೀದಿಗಿಳಿಯುತ್ತಲೇ ಇದ್ದಾರೆ. ಅದೇ ನೀರಿನ ದಡದಲ್ಲಿ, ರಜೆಗೆ ಬರುವವರೊಬ್ಬರು ಹಣ ಕೊಟ್ಟು ತಿಂಗಳೊಳಗೆ ಖಾತೆ ಮಾಡಿಸಿಕೊಂಡು ಹೋಗಬಹುದು. ಇದು ಕಾನೂನಿಗೆ ವಿರುದ್ಧವಲ್ಲದಿರಬಹುದು. ಆದರೆ ಇದನ್ನು ತಿಳಿದ ಮೇಲೆ ಆ ಜಗಲಿಯಲ್ಲಿ ಕೂತು ಕಾಫಿ ಕುಡಿಯುವುದು ಮೊದಲಿನಷ್ಟು ಸುಲಭವಾಗಿ ಉಳಿಯುವುದಿಲ್ಲ. ಉಳಿಯಬಾರದು ಕೂಡ.

ಇನ್ನೊಂದು ಸಂಗತಿ ನನ್ನನ್ನು ಬಹಳ ಕಾಡುತ್ತದೆ. ಈ ಜಲಾಶಯ ಇರುವುದು ವಿದ್ಯುತ್ತಿಗಾಗಿ. ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1035 ಮೆಗಾವಾಟ್. ಏಪ್ರಿಲ್ ಸೆಕೆಗೆ ನಗರದ ಮನೆಗಳಲ್ಲಿ ಫ್ಯಾನು, ಎ.ಸಿ. ಓಡಿದಂತೆಲ್ಲ ಲಿಂಗನಮಕ್ಕಿಯಲ್ಲಿ ನೀರು ಇಳಿಯುತ್ತದೆ. ನಗರದ ಉರಿಯಿಂದ ತಪ್ಪಿಸಿಕೊಳ್ಳಲು ದಡದಲ್ಲಿ ಮನೆ ಕಟ್ಟಿದವನ ನಗರದ ಮನೆಯೇ ಆ ದಡದಿಂದ ನೀರನ್ನು ದೂರ ಎಳೆಯುತ್ತಿರುತ್ತದೆ. ಎರಡು ಮನೆಗಳ ನಡುವೆ ಇರುವ ಈ ಸಂಬಂಧವನ್ನು ಯಾವ ಮಾರಾಟಗಾರನೂ ಹೇಳುವುದಿಲ್ಲ.

ಹೇಮಾವತಿಯ ಕಡೆ ಹೋದರೆ ಶೆಟ್ಟಿಹಳ್ಳಿಯ ಇಗರ್ಜಿ ಇದೆ. ಗೊರೂರಿನ ಅಣೆಕಟ್ಟು 1979ರಲ್ಲಿ ಆದ ಮೇಲೆ ಊರು ಖಾಲಿಯಾಯಿತು, ಇಗರ್ಜಿ ಮಾತ್ರ ಮಳೆಗಾಲದಲ್ಲಿ ನೀರೊಳಗೆ, ಬೇಸಿಗೆಯಲ್ಲಿ ಹೊರಗೆ ನಿಂತಿದೆ. ಕನ್ನಂಬಾಡಿಯಂತೂ ಅಲ್ಲಿಯ ಅಣೆಕಟ್ಟಿನಿಂದಾಗಿ ಊರಿಗೆ ಊರೇ ಎದ್ದುಹೋಗಿ ಹೊಸ ಕನ್ನಂಬಾಡಿಯಾಯಿತು. ನಮ್ಮಲ್ಲಿ ಹಿನ್ನೀರನ್ನು ಆರಿಸಿಕೊಳ್ಳುವುದೆಂದರೆ ಇಂಥ ಒಂದು ಊರಿನ ನೆನಪನ್ನೂ ಆರಿಸಿಕೊಂಡಂತೆ.

ಇನ್ನು ದಡದ ಮಾತು. ಜಾಗ ತೋರಿಸುವವರು ಕರೆದುಕೊಂಡು ಹೋಗುವುದು ನವೆಂಬರ್, ಡಿಸೆಂಬರಿನಲ್ಲಿ. ಆಗ ನೀರು ಕಾಲ ಬುಡದಲ್ಲೇ ಇರುತ್ತದೆ. ಅದೇ ಜಾಗಕ್ಕೆ ಮೇ ತಿಂಗಳಲ್ಲಿ ಹೋಗಿ ನಿಂತರೆ ನೀರು ಎಲ್ಲೋ ದೂರದಲ್ಲಿ ಒಂದು ಬಿಳಿ ಗೆರೆ. ನಡುವೆ ಕೆಸರು ಒಣಗಿ ಅಂಗೈ ಅಗಲಕ್ಕೆ ಬಿರಿದ ನೆಲ. ಬಿರುಕುಗಳ ಅಂಚು ಬಿಸಿಲಿಗೆ ಮೇಲೆದ್ದಿರುತ್ತದೆ, ಕಾಲಿಟ್ಟರೆ ಹಪ್ಪಳದ ಹಾಗೆ ಮುರಿಯುತ್ತದೆ. ಕಪ್ಪೆಚಿಪ್ಪುಗಳು, ಹರಿದ ಬಲೆಯ ತುಂಡು, ಹಿಂದೆ ಕಾಡಾಗಿದ್ದಲ್ಲಿ ಕಪ್ಪಿಟ್ಟ ಮರದ ಬೊಡ್ಡೆಗಳು. ಇದನ್ನು ಕಂಡು ಮೋಸ ಹೋದೆ ಅಂದುಕೊಳ್ಳುವವರಿದ್ದಾರೆ. ಆದರೆ ಸ್ವಲ್ಪ ಹೊತ್ತು ನಿಂತು ನೋಡಿದರೆ ಆ ನೆಲ ಬರಿದಾಗಿ ಕಾಣುವುದಿಲ್ಲ. ನೀರು ಬಿಟ್ಟುಕೊಟ್ಟ ತೇವದಲ್ಲಿ ಚಿಗುರಿದ ಹುಲ್ಲಿಗೆ ದನ ಕುರಿ ಬಂದಿರುತ್ತವೆ. ಕೆಲವೆಡೆ ರೈತರು ಆ ಹಸಿಯ ಮೇಲೆಯೇ ಒಂದು ಬೆಳೆ ತೆಗೆದುಕೊಳ್ಳುತ್ತಾರೆ. ಹರಿಗೋಲು ಬೋರಲು ಹಾಕಿ ಅದರ ನೆರಳಲ್ಲಿ ಬಲೆ ಹೆಣೆಯುವವರೂ ಸಿಗುತ್ತಾರೆ. ಆ ನೆಲದ ಮೇಲೆ ಖಾಸಗಿ ಹೆಸರು ಇಲ್ಲದ್ದರಿಂದಲೇ ಇಷ್ಟು ಜನ, ಇಷ್ಟು ಪ್ರಾಣಿ ಅಲ್ಲಿ ಬದುಕುತ್ತಿರುವುದು. ದಡ ಎಂಬುದು ನಕ್ಷೆಯಲ್ಲಿ ಒಂದು ಗೆರೆ. ನೆಲದ ಮೇಲೆ ಅದು ವರ್ಷಕ್ಕೊಮ್ಮೆ ಹೋಗಿ ಬರುವ ಒಂದು ದೊಡ್ಡ ಹರವು, ಮತ್ತು ಆ ಹರವು ನೀರಿನದು, ಅದನ್ನು ನಂಬಿದವರದು.

ನೀರಿಗೆ ತೀರ ಹತ್ತಿರ ಹೋದರೆ ಏನಾಗುತ್ತದೆ ಎಂಬುದನ್ನು ಬೆಂಗಳೂರು ನೋಡಿದೆ. ಬೆಳ್ಳಂದೂರು ಕೆರೆಯ ಸುತ್ತ ಜನ ಕೊಂಡದ್ದೂ ಕೆರೆಯ ನೋಟವನ್ನೇ. 2015ರಲ್ಲಿ ಆ ಕೆರೆಯ ನೊರೆಗೆ ಬೆಂಕಿ ಹತ್ತಿತು, 2017ರಲ್ಲಿ, 2018ರಲ್ಲಿ ಮತ್ತೆ ಹೊಗೆ. ಕೆರೆಗಳ ಸುತ್ತ 75 ಮೀಟರ್ ಬಿಡಬೇಕೆಂದು ಹಸಿರು ನ್ಯಾಯಮಂಡಳಿ 2016ರಲ್ಲಿ ಹೇಳಿತು. 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಮೀಟರ್ ಎಷ್ಟೆಂಬ ವಾದ ಕಾನೂನಿನವರಿಗೆ ಇರಲಿ. ನೀರಿನ ಲೆಕ್ಕ ಬೇರೆ. ಕೆನಡಾದ ಒಂಟಾರಿಯೊದಲ್ಲಿ ಡೇವಿಡ್ ಶಿಂಡ್ಲರ್ ಎಂಬ ವಿಜ್ಞಾನಿ 1973ರಲ್ಲಿ ಒಂದು ಪುಟ್ಟ ಸರೋವರದ ನಡುವೆ ಪರದೆ ಕಟ್ಟಿಸಿ, ಎರಡೂ ಬದಿಗೆ ಇಂಗಾಲ, ಸಾರಜನಕ ಹಾಕಿ, ಒಂದು ಬದಿಗೆ ಮಾತ್ರ ರಂಜಕವನ್ನೂ ಸೇರಿಸಿದರು. ರಂಜಕ ಬಿದ್ದ ಬದಿ ಪಾಚಿಯಿಂದ ಹಸಿರುಗಟ್ಟಿತು, ಇನ್ನೊಂದು ಬದಿ ತಿಳಿಯಾಗಿಯೇ ಉಳಿಯಿತು. ನಮ್ಮ ಶೌಚದ ಗುಂಡಿಯಿಂದ, ಬಟ್ಟೆ ಸೋಪಿನಿಂದ, ಹೂದೋಟದ ಗೊಬ್ಬರದಿಂದ ಕೆರೆಗೆ ಹೋಗುವುದು ಅದೇ ರಂಜಕ. ತಿಳಿನೀರನ್ನು ಮೆಚ್ಚಿ ಬಂದ ಹತ್ತಾರು ಮನೆಗಳು ಸೇರಿ ಅದನ್ನು ಕೆಡಿಸಲು ಯಾರೂ ಕೆಟ್ಟವರಾಗಬೇಕಿಲ್ಲ; ಎಲ್ಲರೂ ಅಂಚಿಗೆ ಬಂದು ಕೂತರೆ ಸಾಕು.

ಹಾಗಾದರೆ ಯಾವ ನೀರು? ನನ್ನ ತೀರ್ಮಾನ ಇಷ್ಟು. ದೊಡ್ಡ ಜಲಾಶಯಗಳನ್ನು ನೋಡಿ ಬನ್ನಿ, ಅಲ್ಲಿಯ ಹೋಂಸ್ಟೇಗಳಲ್ಲಿ ಉಳಿದು ಊರವರಿಗೆ ನಾಲ್ಕು ಕಾಸು ಕೊಟ್ಟು ಬನ್ನಿ. ಮನೆ ಅಲ್ಲಿ ಬೇಡ. ಮನೆ ಬೇಕೇ ಬೇಕೆಂದರೆ ಯಾರಾದರೂ ಈಗಲೂ ನೋಡಿಕೊಳ್ಳುತ್ತಿರುವ ಒಂದು ಸಣ್ಣ ಊರಕೆರೆಯನ್ನು ಹುಡುಕಿ. ತೂಬು ಎತ್ತುವ ನೀರುಗಂಟಿ ಇದ್ದಾನೆಯೇ, ಹೂಳು ತೆಗೆದದ್ದು ಯಾವಾಗ, ಕೋಡಿ ಹರಿದದ್ದು ಯಾವ ವರ್ಷ ಎಂದು ಕೇಳಿದರೆ ಊರಿನ ಜನ ಥಟ್ಟನೆ ಉತ್ತರ ಕೊಡುವಂಥ ಕೆರೆ. ಆ ಕೆರೆಯಿಂದ ದೂರ, ಊರಿನ ಒಳಗೇ ಮನೆ ಮಾಡಿ. ಸಂಜೆ ನಡೆದುಕೊಂಡು ಏರಿಗೆ ಹೋಗಿ ಎಲ್ಲರ ಜೊತೆ ಕೂತುಕೊಳ್ಳಿ. ನೀವು ಬಯಸಿದ ನೆಮ್ಮದಿ ಅಲ್ಲಿಯೂ ಅಷ್ಟೇ ಸಿಗುತ್ತದೆ, ಇನ್ನೊಬ್ಬರ ದಾರಿಗೆ ಅಡ್ಡವಾಗದೆ ಸಿಗುತ್ತದೆ.

ಅಡ್ವಾನ್ಸ್ ಕೊಡುವ ಮೊದಲು ಮೇ ತಿಂಗಳಲ್ಲಿ ಒಮ್ಮೆ ಹೋಗಿ ಕೆರೆಯಂಗಳದಲ್ಲಿ ನಡೆಯಿರಿ. ಗ್ರಾಮ ನಕ್ಷೆ ತೆಗೆಸಿ, ರಾಜಕಾಲುವೆ, ಗೋಮಾಳ, ಖರಾಬು ಎಲ್ಲಿವೆ ನೋಡಿ. ದನಗಳು ನೀರಿಗೆ ಇಳಿಯುವ ದಾರಿ ನಿಮ್ಮ ಜಾಗದಲ್ಲಿ ಹಾದುಹೋಗಿದ್ದರೆ, ದಯವಿಟ್ಟು ಅದಕ್ಕೆ ಬೇಲಿ ಹಾಕಬೇಡಿ.