ಸೀಟಿನ ಕೆಳಗಿನ ಚೀಲ

ಮಸಿನಗುಡಿಯಿಂದ ಮೋಯಾರಿಗೆ ಏಳೆಂಟು ಕಿಲೋಮೀಟರ್. ಹನ್ನೊಂದು ವರ್ಷ ಆ ದಾರಿಯಲ್ಲಿ ಸೈಕಲ್ ತುಳಿದು ಕೆಲಸಕ್ಕೆ ಹೋಗಿ ಬಂದವನು ನಾನು. ನೀಲಗಿರಿ ಅಂದ ಕೂಡಲೇ ಹೊರಗಿನವರು ಚಳಿ, ಟೀ ತೋಟ ಅಂತ ಶುರು ಮಾಡುತ್ತಾರೆ. ಊಟಿಯಿಂದ ಕಲ್ಲಟ್ಟಿ ಘಾಟಿಯ 36 ತಿರುವು ಇಳಿದು ನಮ್ಮ ಸೀಗೂರು ಸೀಮೆಗೆ ಬಂದು ನೋಡಲಿ. ಇಲ್ಲಿ ಮಳೆ ಕಡಿಮೆ, ಕುರುಚಲು ಕಾಡು, ಎಲ್ಲಿ ನೋಡಿದರೂ ಜಾಲಿ, ಬೋರೆ. ಬೇಸಿಗೆಯಲ್ಲಿ ಒಣಗಿದ ಮುಳ್ಳು ಆಣಿಗಿಂತ ಕಡೆಯಲ್ಲ.

ಆಗ ನಾನು ಪಂಪು, ಪ್ಯಾಚು ಏನನ್ನೂ ಇಟ್ಟುಕೊಳ್ಳುತ್ತಿರಲಿಲ್ಲ. ಕೇಳಿದವರಿಗೆ, "ದಾರಿಯಲ್ಲಿ ನಮ್ಮ ಜನ ಇದ್ದಾರಲ್ಲ, ಕೈ ಬಿಡ್ತಾರಾ?" ಅನ್ನುತ್ತಿದ್ದೆ. ಅದನ್ನು ಜನರ ಮೇಲಿನ ನಂಬಿಕೆ ಅಂತಲೇ ತಿಳಿದಿದ್ದೆ. ಸ್ವಲ್ಪ ಹೆಮ್ಮೆಯೂ ಇತ್ತು ಅನ್ನಿ.

ಒಂದು ಸಂಜೆ ಐದೂವರೆಗೆ ಮೋಯಾರು ಬಿಟ್ಟೆ. ಅರ್ಧ ದಾರಿಯಲ್ಲಿ ಹಿಂದಿನ ಚಕ್ರ ಕೂತಿತು. ತಳ್ಳಿಕೊಂಡು ಹೊರಟೆ. ಹಿಂದಿನಿಂದ ನಮ್ಮೂರಿನ ಹಾಲಿನವರೊಬ್ಬರು ಖಾಲಿ ಕ್ಯಾನು ಕಟ್ಟಿಕೊಂಡು ಬಂದರು, ಇಳಿದರು. ಅವರ ಸೀಟಿನ ಕೆಳಗೆ ಹಳೇ ಚೀಲ. ಅದರಲ್ಲಿ ಉಪ್ಪುಕಾಗದ, ಸಲ್ಯೂಷನ್, ರಬ್ಬರ್ ತುಂಡು, ಎರಡು ಚಮಚದ ಹಿಡಿ. ಟೈರು ಬಿಚ್ಚಿ, ಟ್ಯೂಬಿಗೆ ಗಾಳಿ ಹಾಕಿ, ಕುಡಿಯುವ ನೀರನ್ನೇ ಸವರಿ ಗುಳ್ಳೆ ಹುಡುಕಿದರು. ಉಜ್ಜಿ, ಸಲ್ಯೂಷನ್ ಹಚ್ಚಿ, ಊದಿ ಊದಿ ಒಣಗಿಸಿ ಪ್ಯಾಚು ಒತ್ತಿದರು. ಬೇಗ ಮುಗಿಯಲಿ ಅಂತ ನಾನೇ ಟೈರು ಕೂರಿಸಿದೆ. ಒಳಗೆ ಬೆರಳಾಡಿಸಿ ನೋಡಲಿಲ್ಲ. ಮುಳ್ಳಿನ ಮೊನೆ ಟೈರಿನಲ್ಲೇ ಇತ್ತು. ಒಂದು ಫರ್ಲಾಂಗು ಹೋಗುವಷ್ಟರಲ್ಲಿ ಮತ್ತೆ ಗಾಳಿ ಹೋಯಿತು.

ಎರಡನೇ ಸಲ ಬಿಚ್ಚುವಾಗ ಕತ್ತಲಾಗಿತ್ತು. ಎಡಗಡೆ ಪೊದೆಯಲ್ಲಿ ಕೊಂಬೆ ಮುರಿಯುವ ಸದ್ದು. ನಮ್ಮ ಕಡೆಯವರಿಗೆ ಆ ಸದ್ದು ಏನೆಂದು ಹೇಳಬೇಕಾಗಿಲ್ಲ. ಇಬ್ಬರೂ ಮಾತಿಲ್ಲದೆ ನಿಂತೆವು. ಆನೆಗಳು ರಸ್ತೆ ದಾಟಿ ಹೋಗಲು ಎಷ್ಟು ಹೊತ್ತು ತೆಗೆದುಕೊಂಡವೋ ಗೊತ್ತಿಲ್ಲ. ನಮಗೇನೂ ಆಗಲಿಲ್ಲ.

ಆದರೆ ಮುಂದೆ ಹೋಗುತ್ತಿದ್ದಾಗ ಎದುರಿಗೆ ಒಂದು ಟಾರ್ಚು ಬೆಳಕು ಕಂಡಿತು. ಹಾಲಿನವರ ಮಗ; ಹದಿಮೂರೋ ಹದಿನಾಲ್ಕೋ ಇರಬೇಕು. ಅಪ್ಪ ಬರಲಿಲ್ಲ ಅಂತ ಹೆದರಿದ ತಾಯಿ ಕಳಿಸಿದ್ದಳು. ಆ ರಸ್ತೆಯಲ್ಲಿ, ಆ ಕತ್ತಲಲ್ಲಿ, ಒಬ್ಬನೇ ನಡೆದು ಬಂದಿದ್ದ. ಅಪ್ಪ ಅವನಿಗೆ ಬೈಯಲಿಲ್ಲ, ನನಗೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಪಂಕ್ಚರ್ ಆದದ್ದು ನನ್ನ ತಪ್ಪಲ್ಲ. 1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಡನ್ಲಪ್ ಮಗನ ಮೂರು ಚಕ್ರದ ಗಾಡಿಗೆ ಗಾಳಿ ತುಂಬಿದ ಟೈರು ಹಾಕಿದ. ಗಟ್ಟಿ ಚಕ್ರದ ಕುಲುಕಾಟ ತಪ್ಪಿತು, ಪಂಕ್ಚರ್ ಬಂತು. ಗಾಳಿಯ ಮೇಲೆ ಕೂತವನಿಗೆ ಅದು ಒಂದು ದಿನ ಹೋಗುತ್ತದೆ ಅಂತ ಗೊತ್ತಿರಬೇಕು. ನನಗೂ ಗೊತ್ತಿತ್ತು. ಗೊತ್ತಿದ್ದೂ ಆ ದಿನದ ಖರ್ಚನ್ನು ಇನ್ನೊಬ್ಬರ ಲೆಕ್ಕಕ್ಕೆ ಬರೆದಿದ್ದೆ. ಅವರ ಮಗನ ಲೆಕ್ಕಕ್ಕೂ. ನಾನು ನಂಬಿಕೆ ಅಂದುಕೊಂಡದ್ದು ಬಹುಪಾಲು ಸೋಮಾರಿತನ.

ಓದುವ ಮನೆಯಲ್ಲಿ ಇದನ್ನು ಹೇಳಿದಾಗ ಮೇಷ್ಟ್ರೊಬ್ಬರು ಒಪ್ಪಲಿಲ್ಲ. "ಎಲ್ಲರೂ ಅವರವರ ಚೀಲ ಕಟ್ಟಿಕೊಂಡರೆ ಯಾರು ಯಾರಿಗಾಗಿ ಇಳೀತಾರೆ? ಕಾರಿನವರು ಇಳೀತಾರಾ?" ಅಂದರು. ಮಾತು ಸುಲಭವಾಗಿ ತಳ್ಳಿಹಾಕುವಂಥದ್ದಲ್ಲ. ನಾಲ್ಕು ದಿನ ತಲೆಯಲ್ಲೇ ಇತ್ತು. ಆಮೇಲೆ ಹೊಳೆಯಿತು: ಅವತ್ತು ಇಳಿದವರ ಹತ್ತಿರ ಚೀಲ ಇತ್ತಲ್ಲ! ಅವರೂ ನನ್ನ ಹಾಗೆ ಬರಿಗೈಯಲ್ಲಿ ಬಂದಿದ್ದರೆ ಇಬ್ಬರೂ ಸೇರಿ ತಳ್ಳಬಹುದಿತ್ತು, ಅಷ್ಟೇ. ಅವರು ಚೀಲ ಕಟ್ಟಿಕೊಂಡದ್ದು ಯಾರನ್ನೂ ನಂಬದೆ ಅಲ್ಲ.

ಹಾಗಂತ ಚೀಲ ಕೊಂಡ ಮೇಲೆ ನಾನು ಸುಧಾರಿಸಿದೆ ಅಂತಲೂ ಅಲ್ಲ. ಎಲ್ಲಾ ಇದೆಯಲ್ಲ ಅಂತ ಧೈರ್ಯ ಬಂದು ಹೊತ್ತು ಮೀರಿ ಹೊರಡತೊಡಗಿದೆ. ಸಲ್ಯೂಷನ್ನಿಗೆ ಆನೆ ಹೆದರುತ್ತದೆಯೇ? ಹತ್ತು ನಿಮಿಷ ಮುಂಚೆ ಹೊರಡುವುದು ಎಲ್ಲ ಸಾಮಾನಿಗಿಂತ ದೊಡ್ಡದು. ಅದನ್ನು ಕಲಿಯಲು ಇನ್ನೆರಡು ವರ್ಷ ಬೇಕಾಯಿತು.

ಇನ್ನೊಂದು ಕೆಟ್ಟ ಅಭ್ಯಾಸವೂ ಹತ್ತಿತು, ಉಪದೇಶದ್ದು. ಹನ್ನೊಂದನೇ ತರಗತಿಯ ಹುಡುಗನೊಬ್ಬ ಸರ್ಕಾರ ಕೊಟ್ಟ ಸೈಕಲ್ ತಳ್ಳಿಕೊಂಡು ಬರುತ್ತಿದ್ದ. ವಾಲ್ ಟ್ಯೂಬ್ ಹರಿದಿತ್ತು. ಬಿಸಿಲಿಗೆ ಆ ರಬ್ಬರು ಬಿರಿಯುವುದು ಮಾಮೂಲಿ. ಒಂದು ತುಂಡು ಹಾಕಿ ಗಾಳಿ ಹೊಡೆದುಕೊಟ್ಟೆ. ಜೊತೆಗೆ ಇಂಥವು ನಿನ್ನ ಹತ್ತಿರ ಯಾಕಿಲ್ಲ ಅಂತ ಕಾಲು ಗಂಟೆ ಭಾಷಣ. ಮುಂದಿನ ವಾರ ಅವನೇ ಮತ್ತೆ ಸೈಕಲ್ ತಳ್ಳುತ್ತಾ ಬಂದ. ನನ್ನನ್ನು ಕಂಡು ಮುಖ ತಿರುಗಿಸಿ, ಏನೂ ಆಗಿಲ್ಲ ಅನ್ನುವ ಹಾಗೆ ಬೇಗ ಬೇಗ ನಡೆದುಬಿಟ್ಟ.

ಹಾಲಿನವರು ಆ ರಾತ್ರಿ ಒಂದು ಮಾತೂ ಆಡಿರಲಿಲ್ಲ. ಈಗ ನಾನೂ ಬಾಯಿ ಬಿಗಿಹಿಡಿದೇ ಟೈರು ಬಿಚ್ಚುತ್ತೇನೆ. ಬೆರಳಾಡಿಸಿ ಮುಳ್ಳು ಹುಡುಕುತ್ತೇನೆ. ಆ ಹುಡುಗನ ಸೈಕಲ್ಲಿನ ಕ್ಯಾರಿಯರಿಗೆ ಒಂದು ಗೇಣು ವಾಲ್ ಟ್ಯೂಬು ಸಿಕ್ಕಿಸಿ ಬಂದಿದ್ದೆ. ಯಾರು ಇಟ್ಟದ್ದು ಅಂತ ಅವನಿಗೆ ತಿಳಿದಿದೆಯೋ ಇಲ್ಲವೋ. ದಾರಿಯಲ್ಲಿ ಸಿಕ್ಕರೆ ಬೆಲ್ ಹೊಡೆಯುತ್ತಾನೆ.