ಎಳೆಯರಿಂದ ಪಡೆದ ಮಾತು

2010ರಲ್ಲಿ ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಫುಟ್‌ಬಾಲ್ ತರಬೇತುದಾರರು ಹದಿಮೂರು ವರ್ಷದ ಬಾಲಕನೊಬ್ಬನಿಗೆ ವಿದ್ಯಾರ್ಥಿವೇತನದ ಮಾತು ಕೊಟ್ಟರು, ಬಾಲಕನೂ ಒಪ್ಪಿದನು. 2013ರಲ್ಲಿ ಆ ತರಬೇತುದಾರರೇ ಪದಚ್ಯುತರಾದರು. ಬಾಲಕನು ಕಡೆಗೆ ಬೇರೊಂದು ವಿಶ್ವವಿದ್ಯಾಲಯವನ್ನು ಸೇರಿದನು.

ಇಂತಹ ಬಾಯಿಮಾತು ಉಭಯರನ್ನೂ ಬಂಧಿಸದು, ಆದುದರಿಂದ ದೋಷವಿಲ್ಲವೆಂದು ಕೆಲವರು ಸಮರ್ಥಿಸುವುದುಂಟು. ವರ್ತಕನಾದ ನನಗೆ ಇದು ಸಮ್ಮತವಲ್ಲ. ತರಬೇತುದಾರನು ಹತ್ತು ಎಳೆಯರಿಗೆ ಮಾತಿತ್ತು ಒಂಬತ್ತನ್ನು ಮುರಿದರೂ ತಂಡವು ನಿಲ್ಲದು. ಬಾಲಕನಾದರೋ ಅದೊಂದನ್ನೇ ನಂಬಿ ಉಳಿದ ಬಾಗಿಲುಗಳನ್ನು ಮುಚ್ಚಿಕೊಂಡಿರುತ್ತಾನೆ. ನಮ್ಮ 1872ರ ಕರಾರು ಕಾಯಿದೆಯಲ್ಲಿ ಅಪ್ರಾಪ್ತವಯಸ್ಕರ ಕರಾರು ಅಸಿಂಧುವಾಗಿರುವುದು ಅವರ ರಕ್ಷಣೆಗಾಗಿ. ಅಲ್ಲಿ ಅಸಿಂಧುತ್ವವೇ ಹಿರಿಯರಿಗೆ ಲಾಭವಾಗಿದೆ!

2019ರಲ್ಲಿ ಅಲ್ಲಿನ ಕಾಲೇಜು ಕ್ರೀಡಾಸಂಸ್ಥೆಯು ಹಲವು ಆಟಗಳಲ್ಲಿ, ಹತ್ತನೆಯ ತರಗತಿ ಮುಗಿದ ಮೇಲಿನ ಜೂನ್ 15ಕ್ಕೆ ಮೊದಲು ಇಂತಹ ಮಾತುಕತೆ ಕೂಡದೆಂದು ವಿಧಿಸಿತು. ಅದಕ್ಕೆ ಮುಂಚೆ ತರಬೇತುದಾರನು ಬಾಲಕನಿಗೆ ದೂರವಾಣಿ ಮಾಡಬಾರದು, ಬಾಲಕನೇ ಮಾಡಿದರೆ ಮಾತನಾಡಬಹುದು ಎಂಬ ವಿಚಿತ್ರವಾದ ಸಂದು ಇದ್ದಿತು.