ಪಾತಕಿಯ ಕಥೆಯೂ ವಾಚಕನ ನಗೆಯೂ

ಕಾವ್ಯನಾಟಕಗಳ ನಾಯಕನು ಎಂತಹವನಾಗಿರಬೇಕೆಂಬುದನ್ನು ಭಾರತೀಯ ಲಾಕ್ಷಣಿಕರು ಬಹುಕಾಲದ ಹಿಂದೆಯೇ ವಿಚಾರಮಾಡಿರುವರು. ಧೀರೋದಾತ್ತ, ಧೀರಲಲಿತ, ಧೀರಶಾಂತ, ಧೀರೋದ್ಧತರೆಂದು ನಾಲ್ಕು ಬಗೆಗಳನ್ನು ಹೇಳಿ, ನಾಲ್ವರಿಗೂ ಧೀರತೆಯೆಂಬ ಗುಣವೊಂದನ್ನು ಸಾಧಾರಣವಾಗಿ ಇಟ್ಟರು. ಉದ್ಧತನಾದವನಿಗೂ ಒಂದು ಘನತೆಯುಂಟು. ಆದರೆ ಅರ್ವಾಚೀನ ಕಾದಂಬರಿಯು ಈ ನಾಲ್ವರಲ್ಲಿ ಯಾರ ಪಂಕ್ತಿಗೂ ಸಲ್ಲದ ಐದನೆಯವನೊಬ್ಬನನ್ನು ಕರೆತಂದು ನಡುಮನೆಯಲ್ಲಿ ಕುಳ್ಳಿರಿಸಿದೆ. ಅವನು ಸುಳ್ಳುಗಾರ, ಕಳ್ಳ, ಕೆಲವೊಮ್ಮೆ ಕೊಲೆಗಾರ. ಆದರೂ ಕಥೆಯನ್ನು ಹೇಳುವವನು ಅವನೇ. ವಾಚಕನನ್ನು ನಗಿಸುವವನೂ ಅವನೇ. ಇಂತಹವನ ಮಾತಿಗೆ ನಕ್ಕ ವಾಚಕನು ಅವನ ಪಾಪಕ್ಕೆ ಸಮ್ಮತಿಯಿತ್ತಂತಾಗುವುದೆ? ಅಥವಾ ನಗೆಯೇ ಧರ್ಮವಿಚಾರದ ಒಂದು ದ್ವಾರವೆ?

ಈ ಪ್ರಶ್ನೆಯು ಬೆಂಗಳೂರಿನ ಓದುಗರ ಮನೆಬಾಗಿಲಿಗೇ ಬಂದುದು 2008ರಲ್ಲಿ. ಮಂಗಳೂರಿನಲ್ಲಿ ಬೆಳೆದ ಅರವಿಂದ ಅಡಿಗರು ಇಂಗ್ಲಿಷಿನಲ್ಲಿ ಬರೆದ ‘ದಿ ವೈಟ್ ಟೈಗರ್’ ಎಂಬ ಕಾದಂಬರಿಗೆ ಆ ವರ್ಷದ ಅಕ್ಟೋಬರ್ ತಿಂಗಳಲ್ಲಿ ಬುಕರ್ ಪ್ರಶಸ್ತಿ ದೊರೆಯಿತು. ಅದರ ಕಥಾನಾಯಕ ಬಲರಾಮ ಹಲವಾಯಿ ಗಯಾ ಸೀಮೆಯ ಹಳ್ಳಿಯೊಂದರಲ್ಲಿ ರಿಕ್ಷಾ ಎಳೆಯುವವನ ಮಗ. ಚಹದ ಅಂಗಡಿಯಲ್ಲಿ ಕಲ್ಲಿದ್ದಲು ಒಡೆದು, ಮೇಜು ಒರೆಸಿ, ಧನಬಾದಿನಲ್ಲಿ ಕಾರು ನಡೆಸಲು ಕಲಿತು, ಜಮೀನುದಾರನ ಮಗ ಅಶೋಕನ ಚಾಲಕನಾಗಿ ದೆಹಲಿಗೆ ಹೋಗುವನು. ಅಲ್ಲಿ ಒಂದು ರಾತ್ರಿ ಕುಡಿದ ಅಮಲಿನಲ್ಲಿ ಒಡತಿಯೇ ಕಾರು ನಡೆಸಿ ಬೀದಿಯ ಮಗುವೊಂದರ ಮೇಲೆ ಹರಿಸಿದಾಗ, ಅಪರಾಧವು ತನ್ನದೆಂದು ಚಾಲಕನು ಒಪ್ಪಿ ಸಹಿಮಾಡಬೇಕಾಗುವುದು. ಕಡೆಗೆ ಅವನು ಒಡೆದ ಸೀಸೆಯಿಂದ ಒಡೆಯನನ್ನು ಕೊಂದು, ಏಳು ಲಕ್ಷ ರೂಪಾಯಿಗಳ ಚೀಲದೊಡನೆ ಬೆಂಗಳೂರಿಗೆ ಬಂದು, ಕಾಲ್‌ಸೆಂಟರುಗಳ ಉದ್ಯೋಗಿಗಳನ್ನು ರಾತ್ರಿಯ ಹೊತ್ತು ಸಾಗಿಸುವ ಟ್ಯಾಕ್ಸಿ ವ್ಯವಹಾರವನ್ನು ಹೂಡುವನು. ಅವನು ಇಟ್ಟುಕೊಳ್ಳುವ ಹೊಸ ಹೆಸರೂ ಹತನಾದವನದೇ: ಅಶೋಕ ಶರ್ಮ. ಇಷ್ಟನ್ನೂ ಅವನು ಚೀನದ ಪ್ರಧಾನಿಯಾಗಿದ್ದ ವೆನ್ ಜಿಯಾಬಾವೊ ಅವರನ್ನು ಸಂಬೋಧಿಸಿ, ಏಳು ರಾತ್ರಿಗಳ ಪತ್ರವಾಗಿ, ಪಶ್ಚಾತ್ತಾಪದ ಸೋಂಕಿಲ್ಲದೆ ನಿರೂಪಿಸುವನು.

ಗ್ರಂಥವನ್ನು ಕುರಿತ ಅಭಿಪ್ರಾಯಗಳು ಮೊದಲಿನಿಂದಲೂ ಒಡೆದುಹೋದವು. ಹಳ್ಳಿಯ ದಾರಿದ್ರ್ಯವನ್ನೂ ಲಂಚದ ಆಳವನ್ನೂ ಸೇವಕರ ಒಳಮನಸ್ಸನ್ನೂ ಇಷ್ಟು ನಿರ್ದಾಕ್ಷಿಣ್ಯವಾಗಿ ಹೇಳಿದವರು ವಿರಳವೆಂದು ಕೆಲವರು ಮೆಚ್ಚಿದರು. ದೇಶದ ಹುಣ್ಣನ್ನು ಪರದೇಶದ ಸಂತೆಯಲ್ಲಿ ತೆರೆದು ತೋರಿಸಿ ಹಣಗಳಿಸಿದಂತಾಯಿತೆಂದು ಕೆಲವರು ಕೋಪಿಸಿದರು. ಚರಿತ್ರಕಾರ ಸಂಜಯ ಸುಬ್ರಹ್ಮಣ್ಯಂ ಅವರು, ಇಂಗ್ಲಿಷ್ ಬಾರದ ಬಲರಾಮನ ಬಾಯಲ್ಲಿ ಬರುವ ನುಡಿಗಟ್ಟು ಯಾವ ಭಾಷೆಯದೆಂದು ಪ್ರಶ್ನಿಸಿದರು. ಬಿಹಾರದವರೇ ಆದ ಲೇಖಕ ಅಮಿತಾವ ಕುಮಾರರಿಗೆ ಆ ಹಳ್ಳಿಯ ಚಿತ್ರವು ನಂಬತಕ್ಕದ್ದಾಗಿ ತೋರಲಿಲ್ಲ. ಅಡಿಗರಾದರೋ, ಸಮಾಜದ ಕ್ರೂರ ಅನ್ಯಾಯಗಳನ್ನು ಎತ್ತಿತೋರಿಸುವುದು ಲೇಖಕನ ಕರ್ತವ್ಯವೆಂದೂ, ಹತ್ತೊಂಬತ್ತನೆಯ ಶತಮಾನದಲ್ಲಿ ಡಿಕನ್ಸ್, ಬಾಲ್ಜಾಕ್ ಮೊದಲಾದವರು ಮಾಡಿದುದು ಅದನ್ನೇ ಎಂದೂ ಸಮಾಧಾನ ಹೇಳಿದರು. ಇವರೆಲ್ಲರ ಹೊರತಾಗಿ, ಮನೆಗಳಲ್ಲಿ ಓದುವವರ ಆಕ್ಷೇಪವು ಸರಳವಾದುದು: ಇಲ್ಲಿ ಒಳ್ಳೆಯವನೊಬ್ಬನೂ ಇಲ್ಲ, ಕೊಂದವನು ಶಿಕ್ಷೆಯಿಲ್ಲದೆ ಸುಖವಾಗಿರುವನು, ಇದನ್ನು ಮಕ್ಕಳ ಕೈಗೆ ಹೇಗೆ ಕೊಡುವುದು?

ಇವುಗಳಲ್ಲಿ ದೇಶದ ಮಾನವನ್ನು ಕುರಿತ ಆಕ್ಷೇಪಕ್ಕೆ ಬಹಳ ಬಲವಿಲ್ಲ. ಹುಣ್ಣು ಇರುವುದು ಅವಮಾನವೇ ಹೊರತು ಅದನ್ನು ಹೇಳುವುದಲ್ಲ. ಭಾಷೆಯ ಆಕ್ಷೇಪವು ಅದಕ್ಕಿಂತ ಗಟ್ಟಿಯಾದುದು. ಬಲರಾಮನ ಚಮತ್ಕಾರದ ಮಾತುಗಳಲ್ಲಿ ಸೇವಕನ ಧ್ವನಿಗಿಂತ ವಿದ್ಯಾವಂತನಾದ ಗ್ರಂಥಕರ್ತನ ಧ್ವನಿಯೇ ಹಲವೆಡೆಗಳಲ್ಲಿ ಕೇಳಿಬರುವುದು. ಆದುದರಿಂದ ಈ ಕಾದಂಬರಿಯನ್ನು ಚಾಲಕರ ಮನಸ್ಸಿಗೆ ಸಾಕ್ಷ್ಯವೆಂದು ತಿಳಿಯುವುದು ತಪ್ಪಾಗುವುದು. ಚಾಲಕನ ವಿಷಯದಲ್ಲಿ ಒಡೆಯನ ಮನಸ್ಸಿನೊಳಗಿರುವ ಭಯವೇ ಇಲ್ಲಿ ರೂಪತಾಳಿ ಮಾತನಾಡಿದೆಯೆಂದರೆ ಒಪ್ಪಬಹುದು. ಹಾಗಾದಲ್ಲಿ ಗ್ರಂಥದ ಬೆಲೆ ಕಡಮೆಯಾಗದು. ಅದು ಪರೀಕ್ಷಿಸುತ್ತಿರುವುದು ಯಾರನ್ನೆಂಬುದು ಮಾತ್ರ ಬದಲಾಗುವುದು.

ಉಳಿದುದು ಮನೆಯ ಓದುಗರ ಆಕ್ಷೇಪ; ಅದೇ ಮುಖ್ಯವಾದುದು. ಹಾಸ್ಯಕ್ಕೆ ಮೂಲವು ಅನೌಚಿತ್ಯವೆಂದು ಅಭಿನವಗುಪ್ತನು ಹೇಳಿರುವನು. ಯಾವ ರಸವೇ ಆಗಲಿ, ತಕ್ಕುದಲ್ಲದ ಕಡೆ ತೊಡಗಿ ಆಭಾಸವಾದರೆ ಅಲ್ಲಿ ಹಾಸ್ಯವು ಹುಟ್ಟುವುದು. ಈ ಸೂತ್ರವನ್ನು ಹಿಡಿದು ನೋಡಿದರೆ, ವಾಚಕನು ಇಲ್ಲಿ ನಗುವುದು ಯಾವುದಕ್ಕೆಂಬುದು ಸ್ಪಷ್ಟವಾಗುವುದು. ತಾನು ಮಾಡದ ತಪ್ಪನ್ನು ಒಪ್ಪಿಕೊಳ್ಳಬೇಕಾದ ಆಳಿಗೆ, ನೀನು ಮನೆಯವನಂತೆಯೇ ಎಂದು ಒಡೆಯರು ಉಪಚಾರ ಹೇಳುವರು. ಅಲ್ಲಿ ವಾತ್ಸಲ್ಯವು ಆಭಾಸವಾಗಿದೆ. ಆದುದರಿಂದಲೇ ನಗೆ ಬರುವುದು. ಆ ನಗೆಯು ಕೊಲೆಯನ್ನು ಮೆಚ್ಚಿದುದಲ್ಲ, ಕಪಟವನ್ನು ಗುರುತಿಸಿದುದು. ಭರತಮುನಿಯು ಸ್ಮಿತದಿಂದ ಅತಿಹಸಿತದವರೆಗೆ ನಗೆಯ ಆರು ಬಗೆಗಳನ್ನು ಎಣಿಸಿರುವನು. ನಕ್ಕವನು ನಡುವೆಯೇ ನಾಚಿ ನಿಲ್ಲಿಸುವ ಏಳನೆಯದೊಂದನ್ನು ಇಂತಹ ಕಾದಂಬರಿಗಳು ಸೇರಿಸಿವೆ.

ಸೇವಕನಿಗೆ ಬೇರೆ ದಾರಿಯೇ ಇರಲಿಲ್ಲವೆ ಎಂಬುದು ಮುಂದಿನ ಪ್ರಶ್ನೆ. ಶೂದ್ರಕನ ‘ಮೃಚ್ಛಕಟಿಕ’ದಲ್ಲಿಯೂ ಒಬ್ಬ ಸಾರಥಿಯುಂಟು. ರಾಜನ ಮೈದುನನಾದ ಶಕಾರನ ಬಂಡಿಯನ್ನು ಹೊಡೆಯುವ ಸ್ಥಾವರಕನೆಂಬ ದಾಸ. ವಸಂತಸೇನೆಯನ್ನು ಕೊಲ್ಲೆಂದು ಒಡೆಯನು ಹೊನ್ನಿನ ಆಸೆ ತೋರಿಸಿದಾಗಲೂ ಹೊಡೆದಾಗಲೂ, ತನ್ನ ದೇಹವು ಒಡೆಯನ ವಶವೇ ಆದರೂ ನಡತೆಯು ವಶವಲ್ಲವೆಂದು ಅವನು ನಿರಾಕರಿಸುವನು. ನಿರಪರಾಧಿಯಾದ ಚಾರುದತ್ತನನ್ನು ವಧ್ಯಸ್ಥಾನಕ್ಕೆ ಕೊಂಡೊಯ್ಯುವಾಗ, ಸೆರೆಯಲ್ಲಿದ್ದ ಅವನು ಪ್ರಾಣದ ಹಂಗುದೊರೆದು ಮೇಲಿನಿಂದ ಧುಮುಕಿ ಸತ್ಯವನ್ನು ಹೇಳುವನು. ಆದರೆ ದಾಸನ ಮಾತನ್ನು ನಂಬುವವರಾರು? ಕಳ್ಳತನಕ್ಕಾಗಿ ಪೆಟ್ಟುತಿಂದವನು ದ್ವೇಷದಿಂದ ಆಡುವನೆಂದು ಶಕಾರನು ಹೇಳಿದುದೇ ಸಾಕಾಯಿತು. ಕಡೆಗೆ ಕಥೆಯು ಶುಭವಾಗಿ ಮುಗಿದು, ಸ್ಥಾವರಕನು ದಾಸ್ಯದಿಂದ ಬಿಡುಗಡೆ ಹೊಂದುವನು.

ಸಾರಥಿಗಳಿಬ್ಬರನ್ನೂ ಎದುರೆದುರಾಗಿ ನಿಲ್ಲಿಸಿದರೆ ವಿಷಯವು ತಿಳಿಯಾಗುವುದು. ದಾಸ್ಯದಲ್ಲಿದ್ದೂ ಮನುಷ್ಯನು ಅಧರ್ಮಕ್ಕೆ ಒಲ್ಲೆನೆನ್ನಬಹುದೆಂಬುದಕ್ಕೆ ಸ್ಥಾವರಕನೇ ಪ್ರಮಾಣ. ಆದುದರಿಂದ ಬಡತನವು ಕೊಲೆಗೆ ಪೂರ್ಣ ಸಮಾಧಾನವಾಗಲಾರದು. ಆದರೆ ಸ್ಥಾವರಕನ ಸತ್ಯಕ್ಕೆ ದೊರೆತ ಫಲವೇನೆಂಬುದನ್ನೂ ಮರೆಯತಕ್ಕದ್ದಲ್ಲ. ಅವನ ಮಾತಿನಿಂದ ಚಾರುದತ್ತನು ಉಳಿಯಲಿಲ್ಲ. ವಸಂತಸೇನೆಯು ಜೀವಂತಳಾಗಿ ಬಂದುದರಿಂದ ಉಳಿದನು. ಒಳ್ಳೆಯ ಸೇವಕನನ್ನು ನಂಬದ ಸಮಾಜವು, ಕೆಟ್ಟ ಸೇವಕನು ಹುಟ್ಟಿದಾಗ ಬೆರಗಾಗುವುದು ನ್ಯಾಯವಲ್ಲ.

ಇಷ್ಟು ಹೇಳಿದ ಮೇಲೆಯೂ ಬಲರಾಮನ ಲೆಕ್ಕದಲ್ಲಿ ಒಂದು ಬಾಕಿ ಉಳಿಯುವುದು. ಬೇಡನು ತನ್ನ ಪಾಪದಲ್ಲಿ ಪಾಲುಗೊಳ್ಳುವಿರಾ ಎಂದು ಹೆಂಡತಿಮಕ್ಕಳನ್ನು ಕೇಳಿ, ಅವರು ಒಲ್ಲೆವೆನ್ನಲು ವಿರಕ್ತನಾಗಿ ವಾಲ್ಮೀಕಿಯಾದನೆಂಬ ಕಥೆಯನ್ನು ಎಲ್ಲ ಮನೆಗಳಲ್ಲಿಯೂ ಹೇಳುವರು. ಬಲರಾಮನು ಕೇಳಲೇ ಇಲ್ಲ. ತಾನು ಒಡೆಯನನ್ನು ಕೊಂದರೆ ಹಳ್ಳಿಯಲ್ಲಿರುವ ತನ್ನವರನ್ನು ಜಮೀನುದಾರನ ಕಡೆಯವರು ಉಳಿಸಲಾರರೆಂಬುದು ಅವನಿಗೆ ಮೊದಲೇ ಗೊತ್ತು. ಗೊತ್ತಿದ್ದೂ ಕೊಂದನು. ಧರಮ್ ಎಂಬ ಎಳೆಯ ಸಂಬಂಧಿಯೊಬ್ಬನನ್ನು ಮಾತ್ರ ಕರೆದುಕೊಂಡು ಬಂದನು. ಪಾಪದ ಫಲವನ್ನು ಒಪ್ಪಿಗೆಯಿಲ್ಲದವರ ತಲೆಗೆ ಕಟ್ಟುವುದಾದರೆ, ಮಗುವಿನ ಸಾವನ್ನು ಚಾಲಕನ ತಲೆಗೆ ಕಟ್ಟಿದ ಒಡೆಯರಿಗೂ ಅವನಿಗೂ ಇರುವ ಅಂತರವೇನು? ಬೆಂಗಳೂರಿನಲ್ಲಿ ಅವನದೇ ಚಾಲಕನ ಕಾರಿಗೆ ಸಿಕ್ಕಿ ಸೈಕಲ್ಲಿನ ಹುಡುಗನೊಬ್ಬನು ಸತ್ತಾಗ, ಪೊಲೀಸರಿಗೆ ಮೊದಲೇ ಕೊಟ್ಟಿದ್ದ ಲಂಚವು ಅವನನ್ನು ಕಾಯುವುದು. ಸತ್ತವನ ಮನೆಗೆ ತಾನೇ ಹೋಗಿ ಹಣಕೊಟ್ಟು, ಅಣ್ಣನಿಗೆ ಕೆಲಸ ಕೊಡುವೆನೆನ್ನುವುದಷ್ಟೇ ಹೊಸದು. ಪಂಜರದಿಂದ ಹೊರಬಿದ್ದವನು ಪಂಜರವನ್ನು ಮುರಿಯಲಿಲ್ಲ, ಅದಕ್ಕೆ ಒಡೆಯನಾದನು. ಗ್ರಂಥವು ಈ ತೀರ್ಪನ್ನು ಬಾಯಿಬಿಟ್ಟು ಹೇಳುವುದಿಲ್ಲ. ಆದರೆ ಎರಡು ಅಪಘಾತಗಳನ್ನು ಮೊದಲೊಂದು ಕಡೆಗೊಂದಾಗಿ ಇಟ್ಟಿರುವುದರಿಂದ, ಹೇಳುವವನಿಗೆ ಕಾಣದುದು ಕೇಳುವವನಿಗೆ ಕಾಣುವುದು.

ಬೆಂಗಳೂರಿನ ವಾಚಕನಿಗೆ ಇನ್ನೊಂದು ಕಾರಣದಿಂದಲೂ ಈ ನಗೆಯು ಸುಲಭವಲ್ಲ. 2005ರ ಡಿಸೆಂಬರ್ ತಿಂಗಳಲ್ಲಿ ಈ ನಗರದಲ್ಲಿಯೇ ರಾತ್ರಿಪಾಳಿಗೆ ಹೊರಟ ಕಾಲ್‌ಸೆಂಟರಿನ ತರುಣಿಯೊಬ್ಬಳು ಕಾರಿನ ಚಾಲಕನಿಂದ ಹತಳಾದಳು. ಅಂತಹ ದುಃಖವನ್ನು ಕಂಡ ಮನೆಯಲ್ಲಿ ಕೊಲೆಗಾರ ಚಾಲಕನ ವಿನೋದಕಥೆಯನ್ನು ಓದಲಾರೆವೆಂದರೆ, ಅವರನ್ನು ಅರಸಿಕರೆನ್ನುವುದು ಕ್ರೌರ್ಯ. ರಸಾಸ್ವಾದಕ್ಕೆ ವಿಘ್ನಗಳುಂಟೆಂದೂ, ಸ್ವಂತದ ಸುಖದುಃಖಗಳಲ್ಲಿ ಮುಳುಗಿರುವುದು ಅವುಗಳಲ್ಲೊಂದೆಂದೂ ಲಾಕ್ಷಣಿಕರೇ ಒಪ್ಪಿರುವರು. ಗ್ರಂಥವು ಒಳ್ಳೆಯದಾದರೂ ಎಲ್ಲರೂ ಎಲ್ಲ ಕಾಲದಲ್ಲಿಯೂ ಓದಲೇಬೇಕೆಂಬ ವಿಧಿಯಿಲ್ಲ.

ಓದಬಲ್ಲವರಾದರೋ ಪುಸ್ತಕವನ್ನು ಮುಚ್ಚಿ ಬೀದಿಯನ್ನು ನೋಡಬೇಕು. 1809ರಲ್ಲಿ ದಂಡು ನೆಲೆಗೊಂಡಂದಿನಿಂದಲೂ ಈ ಪೂರ್ವಭಾಗವು ಒಡೆಯರಿಗೂ ಸೇವಕರಿಗೂ ಬೇರೆಬೇರೆ ಬಾಗಿಲುಗಳನ್ನು ಕಂಡುದೇ. ಬಂಗಲೆಗಳ ಹಿಂದಣ ಆಳುಮನೆಗಳು ಹೋಗಿ, ಜಟಕಾಬಂಡಿಗಳು ಹೋಗಿ, ಹಲಸೂರು ಇಂದಿರಾನಗರಗಳ ಮರದ ನೆರಳಿನಲ್ಲಿ ಕಾರುಗಳು ನಿಂತಿವೆ. ಒಳಗೆ ಊಟ ನಡೆಯುವಷ್ಟು ಹೊತ್ತೂ ಚಾಲಕನು ಆಸನವನ್ನು ಹಿಂದಕ್ಕೆ ಬಾಗಿಸಿ ಕಾದಿರುವನು. ಕೃಷ್ಣರಾಜಪುರದ ದಾರಿಯಲ್ಲಿ ನಡುರಾತ್ರಿ ಉದ್ಯೋಗಿಗಳನ್ನು ಮನೆಮುಟ್ಟಿಸುವವರೂ ಅವನಂತಹವರೇ. ಇವರಲ್ಲಿ ಬಲರಾಮನನ್ನು ಕಂಡು ಹೆದರುವುದು ಕಾದಂಬರಿಯನ್ನು ಓದಿದ ಫಲವಾದರೆ, ಓದದಿರುವುದೇ ಲೇಸು. ಇವರಲ್ಲಿ ಬಹುಮಂದಿ ಸ್ಥಾವರಕರೇ. ಅವನು ಉಂಡನೆ, ಕೂಲಿ ಹೊತ್ತಿಗೆ ಸಂದಿತೆ, ಮನೆಯಲ್ಲಿ ವಸ್ತುವೊಂದು ಕಳೆದಾಗ ಅವನ ಮಾತನ್ನು ಕೇಳುವ ಮೊದಲೇ ತೀರ್ಪಾಯಿತೆ ಎಂದು ವಿಚಾರಿಸಿಕೊಳ್ಳುವ ಮನೆಯಲ್ಲಿ ಆ ಕಾದಂಬರಿಯನ್ನು ಮಕ್ಕಳ ಕೈಗೆ ಕೊಟ್ಟರೂ ದೋಷವಿಲ್ಲ. ಕೊಲೆಯು ಕೊಲೆಯೇ ಎಂಬುದನ್ನೂ, ಅದರ ಬೇರಿಗೆ ನೀರೆರೆದವರು ಬೇರೆಯೂ ಇರುವರೆಂಬುದನ್ನೂ ಅಂತಹ ಮನೆಯ ಮಕ್ಕಳು ಒಟ್ಟಿಗೇ ತಿಳಿಯಬಲ್ಲರು.